ಮರ ಗಟ್ಟಿ, ಅಂಟು ಪುಡಿ: ಶಿರಸಿಯ ಒಂದು ಜೊಡೆಲ್ ಡಿ9 ಪ್ರಕರಣ

ಮಾಲೀಕರ ಬೇಡಿಕೆ ಮೂರೇ ಮಾತಿನದು. ರೆಕ್ಕೆಯ ಬಟ್ಟೆ ಬದಲಿಸಬೇಕು, ಬಣ್ಣ ಹೊಡೆಯಬೇಕು, ಇಂಜಿನ್ ಸ್ಟಾರ್ಟ್ ಆಗಬೇಕು. ವಿಮಾನ ಜೊಡೆಲ್ ಡಿ9, ಒಂದೇ ಸೀಟಿನದು, ಪೂರಾ ಮರದ್ದು. ನಕ್ಷೆ ತರಿಸಿಕೊಂಡು ಅವರ ತಂದೆ ಮನೆಯಲ್ಲೇ ಕಟ್ಟಿದ್ದರು. ತಂದೆ ತೀರಿಕೊಂಡ ಮೇಲೆ ಅದು ವರ್ಷಗಟ್ಟಲೆ ಶಿರಸಿ ಕಡೆಯ ಹೆಂಚಿನ ಅಡಕೆ ಗೋದಾಮಿನಲ್ಲಿತ್ತು. ಗೋದಾಮು ಬೇರೆ ಕೆಲಸಕ್ಕೆ ಬೇಕಾದಾಗ ಕುಮಟಾದ ಸಮುದ್ರದ ಬದಿಯ ತಗಡಿನ ಶೆಡ್ಡಿಗೆ ಇಳಿಯಿತು. ಅಲ್ಲಿ ಎರಡು ಮಳೆಗಾಲ ಕಂಡ ಮೇಲೆ ಮಗಳು ಇದನ್ನು ಸರಿಮಾಡಿಸಲು ಹೊರಟರು.

ಡಿ9 ಫ್ರಾನ್ಸಿನ ವಿನ್ಯಾಸ. ಎದುವಾರ್ ಜೋಲಿ ಮತ್ತು ಜಾನ್ ದೆಲೆಮೊಂತೆ ಮಾಡಿದ್ದು, ಮೊದಲು ಹಾರಿದ್ದು 1948ರ ಜನವರಿಯಲ್ಲಿ. ರೆಕ್ಕೆಯ ಅಗಲ ಸುಮಾರು 7 ಮೀಟರ್, ಖಾಲಿ ತೂಕ 190 ಕಿಲೋ ಆಸುಪಾಸು. ಇದರ ಗುರುತೇ ರೆಕ್ಕೆ: ನಡುಭಾಗ ಮಟ್ಟಸ, ಎರಡು ತುದಿಗಳು ಸುಮಾರು 14 ಡಿಗ್ರಿ ಮೇಲಕ್ಕೆ ಮಡಿಚಿದಂತೆ. ಇಡೀ ರೆಕ್ಕೆ ಒಂದೇ ತುಂಡು, ಅದನ್ನು ಹೊರುವುದು ಪೆಟ್ಟಿಗೆಯಾಕಾರದ ಒಂದೇ ಒಂದು ಸ್ಪಾರ್, ಅಂದರೆ ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ. ಮೇಲೊಂದು ಕೆಳಗೊಂದು ಸ್ಪ್ರೂಸ್ ಮರದ ಪಟ್ಟಿ, ಹಿಂದೆ ಮುಂದೆ ತೆಳು ಪ್ಲೈ. ಈ ಪೆಟ್ಟಿಗೆ ಒಮ್ಮೆ ಮುಚ್ಚಿದ ಮೇಲೆ ಒಳಗೇನಾಗಿದೆ ಎಂದು ಯಾರಿಗೂ ಕಾಣುವುದಿಲ್ಲ. ಈ ಪ್ರಕರಣ ಪೂರ್ತಿ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಮೊದಲ ತೀರ್ಮಾನ ಸಾಗಣೆಯದು. ಕುಮಟಾದ ಶೆಡ್ಡಿನಲ್ಲೇ ಬಿಚ್ಚಿ ನೋಡೋಣ ಎಂಬ ಮಾತಿತ್ತು, ಅದನ್ನು ಬಿಟ್ಟದ್ದು ಒಳ್ಳೆಯದಾಯಿತು. ಕರಾವಳಿಯಲ್ಲಿ ಮರ ಎಂದಿಗೂ ಪೂರ್ತಿ ಒಣಗುವುದಿಲ್ಲ, ಜೊತೆಗೆ ಕಬ್ಬಿಣದ ಸಾಮಾನಿಗೆ ಉಪ್ಪುಗಾಳಿಯ ಕಾಟ. ಘಟ್ಟದ ಮೇಲೂ ಜೂನ್‌ನಿಂದ ಸೆಪ್ಟೆಂಬರ್ ತನಕ ಥಂಡಿಯೇ. ಆದರೆ ಜನವರಿಯಿಂದ ಏಪ್ರಿಲ್‌ವರೆಗೆ ಶಿರಸಿಯ ಹವೆ ಅಂಟಿನ ಕೆಲಸಕ್ಕೆ ಒಗ್ಗುತ್ತದೆ. 7 ಮೀಟರ್ ರೆಕ್ಕೆಗೆ 20 ಅಡಿಯ ಲಾರಿ ಸಾಲದು, 24 ಅಡಿಯದು ಬೇಕು. ತುದಿಗಳು ಮೇಲೆದ್ದಿರುವುದರಿಂದ ಮಲಗಿಸಿದರೆ ಭಾರವೆಲ್ಲ ರೆಕ್ಕೆಗೆ ಆಕಾರ ಕೊಡುವ ಎರಡು ಮೂರು ರಿಬ್‌ಗಳ ಮೇಲೆ ಬೀಳುತ್ತದೆ. ಹಾಗಾಗಿ ಮುಂಅಂಚು ಕೆಳಗೆ ಮಾಡಿ, ಸ್ಪಾರ್‌ನ ನೇರಕ್ಕೆ ಮೂರು ಕಡೆ ಮರದ ತೊಟ್ಟಿಲು ಕೊಟ್ಟು, ಹಳೆ ಹಾಸಿಗೆ ತುಂಡು ಹಾಕಿ ನಿಲ್ಲಿಸಿ ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ತರಲಾಯಿತು. ಹಗ್ಗ ಕಟ್ಟಿದ್ದು ತೊಟ್ಟಿಲಿಗೆ, ರೆಕ್ಕೆಗಲ್ಲ.

ಬಟ್ಟೆಯ ವಿಷಯ ಬೇಗ ಮುಗಿಯಿತು. ಹತ್ತಿ ಬಟ್ಟೆ, ಅದನ್ನು ಬಿಗಿಸಲು ಬಳಿದ ಡೋಪ್ ಬಿರುಕು ಬಿಟ್ಟಿತ್ತು, ಬೆರಳಿನಿಂದ ಒತ್ತಿದರೆ ತೂತಾಗುತ್ತಿತ್ತು. ಪೂರ್ತಿ ಹರಿದು ತೆಗೆಯುವುದೊಂದೇ ದಾರಿ. ಆ ಮೇಲೆ ನಿಜವಾದ ತಪಾಸಣೆ ಶುರು.

ಮರದ ವಿಮಾನ ನೋಡುವವರು ಮೊದಲು ಹುಡುಕುವುದು ಒರಲೆ, ಕುಟ್ಟೆ, ಕೊಳೆತ. ಇಲ್ಲಿ ಒರಲೆ ಇರಲಿಲ್ಲ. ಕಟ್ಟಿದವರು ಚಕ್ರದ ಕೆಳಗೆ ಕಲ್ಲು ಕೊಟ್ಟು, ಕಲ್ಲಿನ ಸುತ್ತ ಎಣ್ಣೆ ಸುರಿಸುತ್ತಿದ್ದರಂತೆ. ಕುಟ್ಟೆಯ ಪುಡಿ ಎಲ್ಲೂ ಕಾಣಲಿಲ್ಲ. ಎರಡು ರಿಬ್ ನಡುವೆ ಇಲಿ ಗೂಡು, ವೇಗ ಅಳೆಯುವ ಪಿಟೊ ನಳಿಕೆಯ ಬಾಯಲ್ಲಿ ಕಣಜ ಕಟ್ಟಿದ ಮಣ್ಣು. ಕೊಳೆತದ್ದು ಒಂದೇ ಜಾಗ, ಒಡಲಿನ ತೀರ ಹಿಂದೆ, ಬಾಲದ ಕಂಬದ ಬುಡ. ಬಾಲಚಕ್ರದ ವಿಮಾನ ನಿಂತಾಗ ಬಾಲವೇ ತಗ್ಗು. ಒಳಗೆ ಸೇರಿದ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ನೀರು ಹೋಗಲೆಂದು ಬಿಟ್ಟ ತೂತುಗಳನ್ನು ಯಾರೋ ಬಣ್ಣ ಹೊಡೆಯುವಾಗ ಮುಚ್ಚಿಬಿಟ್ಟಿದ್ದರು. ದಬ್ಬಳ ಒತ್ತಿದರೆ ಸುಮಾರು 40 ಸೆಂ.ಮೀ. ಉದ್ದಕ್ಕೆ ಪ್ಲೈ ಒಳಗೆ ಹೋಗುತ್ತಿತ್ತು. ನೋಡಲು ಭಯ ಹುಟ್ಟಿಸಿದರೂ ಈ ವಿಮಾನದ ದೊಡ್ಡ ರೋಗ ಅದಲ್ಲ.

ರೋಗ ಸಿಕ್ಕಿದ್ದು ಒಂದು ರಿಬ್‌ನ ಮೂಲೆಪಟ್ಟಿಯಲ್ಲಿ, ಅಂದರೆ ರಿಬ್‌ನ ಕಡ್ಡಿಗಳನ್ನು ಸೇರಿಸುವ ಪುಟ್ಟ ಪ್ಲೈ ತುಂಡಿನಲ್ಲಿ. ಉಳಿಯ ತುದಿ ಅಡಿಗೆ ಕೊಟ್ಟು ಮೀಟಿದರೆ ಒಳ್ಳೆಯ ಜೋಡಣೆಯಲ್ಲಿ ಮರವೇ ಕಿತ್ತುಬರಬೇಕು, ಪ್ಲೈಯ ಬೆನ್ನಿಗೆ ಸ್ಪ್ರೂಸ್‌ನ ನಾರು ಅಂಟಿಕೊಂಡಿರಬೇಕು. ಇಲ್ಲಿ ತುಂಡು ಹಪ್ಪಳದಂತೆ ಟಪ್ಪನೆ ಬಿಟ್ಟಿತು. ಬೆನ್ನ ಮೇಲೆ ಒಂದು ನಾರೂ ಇರಲಿಲ್ಲ. ಬಿಳಿಚಿದ, ಗಾಜಿನಂತೆ ಹೊಳೆಯುವ ಅಂಟಿನ ಪದರ ಮಾತ್ರ. ಉಗುರಿನಿಂದ ಕೆರೆದರೆ ಪುಡಿ. ರೆಕ್ಕೆಯ ಬೇರೆ ಬೇರೆ ಕಡೆಯ ಹನ್ನೆರಡು ಮೂಲೆಪಟ್ಟಿಗಳನ್ನು ಹೀಗೇ ಮೀಟಿ ನೋಡಿದಾಗ ಮರ ಕಿತ್ತುಬಂದದ್ದು ಮೂರರಲ್ಲಿ.

ಕಟ್ಟಿದವರ ಪುಸ್ತಕದಲ್ಲಿ ಯಾವ ಅಂಟು ಎಂದು ಬರೆದಿರಲಿಲ್ಲ. ಆದರೆ ಅಂಟಿನ ಜಾತಿ ಬಣ್ಣದಲ್ಲೇ ತಿಳಿಯುತ್ತದೆ. ಹಾಲಿನ ಸತ್ತ್ವದ ಕೇಸೀನ್ ಅಂಟಾದರೆ ಹಳದಿ ಛಾಯೆ, ಥಂಡಿಯಾದಾಗ ಬೂಷ್ಟಿನ ವಾಸನೆ. ಯೂರಿಯಾ ಫಾರ್ಮಾಲ್ಡಿಹೈಡ್ ತಿಳಿ ಬಣ್ಣದ್ದು, ಪೆಡಸು, ಗಾಜಿನ ಹಾಗೆ. ರಿಸಾರ್ಸಿನಾಲ್ ಕಡು ಕೆಂಪುಗಂದು, ಒಮ್ಮೆ ಕಂಡರೆ ಮರೆಯುವುದಿಲ್ಲ. ಈ ರೆಕ್ಕೆ ಪೂರಾ ಯೂರಿಯಾ ಜಾತಿ. ಒಡಲಿನ ಜೋಡಣೆಗಳ ಅಂಚಿನಲ್ಲಿ ಮಾತ್ರ ಕಡು ಕೆಂಪು ಗೆರೆ. ಅಂದರೆ ರೆಕ್ಕೆ ಮುಗಿಸಿ ಒಡಲಿಗೆ ಬರುವಷ್ಟರಲ್ಲಿ ಕಟ್ಟಿದವರು ಅಂಟು ಬದಲಿಸಿದ್ದರು. ಯಾಕೆ ಎಂದು ಗೊತ್ತಿಲ್ಲ, ಆದರೆ ಆ ಬದಲಾವಣೆಯೇ ಈಗ ಅರ್ಧ ವಿಮಾನವನ್ನು ಉಳಿಸಿದೆ. ಒಡಲಿನಲ್ಲಿ ಮೀಟಿ ನೋಡಿದ ಪ್ರತಿ ತುಂಡಿನಲ್ಲೂ ಮರವೇ ಹರಿಯಿತು.

ಯೂರಿಯಾ ಅಂಟು ಕೆಟ್ಟ ಅಂಟಲ್ಲ, ನಮ್ಮ ಹವೆಗೆ ಕೆಟ್ಟದ್ದು. ಬಿಸಿ ಮತ್ತು ತೇವ ಎರಡೂ ಸೇರಿದರೆ ಅದರ ಬಂಧ ಮೆಲ್ಲಗೆ ನೀರಿನಲ್ಲಿ ಕಳಚುತ್ತದೆ. ಮೇಲಿಂದ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಪೆಡಸು ಅಂಟಿಗೆ ಆ ಎಳೆದಾಟ ತಾಳಲಾಗುವುದಿಲ್ಲ. ಅಮೆರಿಕದ ವಿಮಾನಯಾನ ಆಡಳಿತದ ದುರಸ್ತಿ ಕೈಪಿಡಿ ಇದೇ ಕಾರಣ ಕೊಟ್ಟು ದುರಸ್ತಿಗೆಲ್ಲ ಯೂರಿಯಾ ಅಂಟಿನ ಕಾಲ ಮುಗಿಯಿತೆಂದೇ ತಿಳಿಯಿರಿ ಎನ್ನುತ್ತದೆ. ಇದು ಹೊಸ ಪಾಠವೂ ಅಲ್ಲ. 1944ರ ಕೊನೆಯಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ವಾಯುಪಡೆಯ ಮರದ ಮಾಸ್ಕಿಟೊ ವಿಮಾನಗಳ ಹಾರಾಟ ನಿಲ್ಲಿಸಿ ರೆಕ್ಕೆಯ ಅಂಟಿನ ಜೋಡಣೆಗಳನ್ನು ತಪಾಸಣೆ ಮಾಡಬೇಕಾಗಿ ಬಂದಿತ್ತು.

ಇಷ್ಟಾದ ಮೇಲೆ ಸ್ಪಾರ್. ಬಡಿದು ಕೇಳಿದಾಗ ಎಡತುದಿ ಮೇಲೇಳುವ ಮಡಿಕೆಯ ಒಳಬದಿಯಲ್ಲಿ ಶಬ್ದ ಬೊದ್ದು. ಸಂದು ಅಳೆಯುವ ತೆಳು ಫೀಲರ್ ಗೇಜ್ ಪ್ಲೈ ಮತ್ತು ಕೆಳಪಟ್ಟಿಯ ನಡುವೆ 25 ಮಿ.ಮೀ. ತನಕ ಒಳಗೆ ಹೋಯಿತು, ಉದ್ದಕ್ಕೆ ಸುಮಾರು ಒಂದು ಅಡಿ. ಜಾಗವೂ ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಮೇಲೆದ್ದ ತುದಿಯಿಂದ ಇಳಿದ ನೀರು ಮಟ್ಟಸದ ನಡುಭಾಗ ಮುಟ್ಟುವ ಕಡೆ ನಿಲ್ಲುತ್ತದೆ. ತೇವದ ಮೀಟರ್ ಅಲ್ಲಿ 20 ಪರ್ಸೆಂಟ್ ತೋರಿಸಿತು, ಉಳಿದ ಕಡೆ 15.

ಮೇಸ್ತ್ರಿ ಪಟ್ಟಿಯ ಮರವನ್ನು ಉಳಿಯಿಂದ ಸವರಿ ನೋಡಿ ಹೇಳಿದ್ದು ಇಷ್ಟು: "ಅಮ್ಮಾ, ಮರ ಹಾಳಾಗ್ಲಿಲ್ಲ. ಅಂಟು ಬಿಟ್ಟದ್ದು."

ಮುಂದಿನ ಮಾತು ಮಾಲೀಕರಿಗೆ ಕಷ್ಟವಾಯಿತು. ಬಿರುಕಿಗೆ ಸಿರಿಂಜಿನಿಂದ ಎಪಾಕ್ಸಿ ತುಂಬಿದರೆ ಆಗದೇ ಎಂದು ಕೇಳಿದರು. ಆಗದು. ಒಳಗಿನ ಮುಖದ ಮೇಲೆ ಸತ್ತ ಅಂಟಿನ ಪುಡಿ, ಧೂಳು, ತೇವ ಎಲ್ಲ ಇದೆ. ಎಪಾಕ್ಸಿ ಹಿಡಿಯುವುದು ಆ ಪುಡಿಯನ್ನು, ಮರವನ್ನಲ್ಲ. ಒಂದು ಮುಖದ ಪ್ಲೈ ಮಾತ್ರ ತೆಗೆದು ಹೊಸದು ಹಾಕಬಹುದು, ಆದರೆ ಎದುರಿನ ಮುಖಕ್ಕೆ, ಒಳಗಿನ ಅಡ್ಡಕಟ್ಟೆಗಳಿಗೆ ಅದೇ ಡಬ್ಬದ ಅಂಟು. ಒಂದು ಕಡೆ ಸೋತ ಅಂಟು ಇನ್ನೊಂದು ಕಡೆ ಗೆದ್ದಿದೆ ಎಂದು ನಂಬಲು ಆಧಾರವಿಲ್ಲ. ಹಾರಿಸುವ ಉದ್ದೇಶವಿದ್ದರೆ ಹೊಸ ಸ್ಪಾರ್, ಹೊಸ ರಿಬ್. ತಂದೆಯ ಕೈಯ ಮರವೇ ಉಳಿಯಬೇಕೆಂದರೆ ರೆಕ್ಕೆಯನ್ನು ಒಣಗಿಸಿ, ಶುಚಿ ಮಾಡಿ ಗೋಡೆಗೆ ತೂಗುಹಾಕಬಹುದು, ಹಾರಿಸುವಂತಿಲ್ಲ.

ನಡುವಿನ ದಾರಿಯೊಂದು ಎಲ್ಲರಿಗೂ ಹೊಳೆಯುತ್ತದೆ: ಹಾರಿಸುವುದು ಬೇಡ, ಇಂಜಿನ್ ಸ್ಟಾರ್ಟ್ ಮಾಡಿ ಅಂಗಳದಲ್ಲಿ ಓಡಿಸಿ ತೋರಿಸೋಣ. ಡಿ9ರಲ್ಲಿ ಚಕ್ರದ ಕಾಲುಗಳು ಕೂತಿರುವುದೇ ರೆಕ್ಕೆಯ ನಡುಭಾಗದಲ್ಲಿ. ಹೊಂಡಕ್ಕೆ ಬಿದ್ದ ಪ್ರತಿ ಕುಲುಕಾಟ ಅದೇ ಸ್ಪಾರ್‌ಗೆ ಹೋಗುತ್ತದೆ. ನೆಲದ ಮೇಲೂ ಅದು ಸೋಲಬಹುದು, ಸೋತಾಗ ಪ್ರೊಪೆಲರ್ ತಿರುಗುತ್ತಲೇ ಇರುತ್ತದೆ. ಕೊನೆಗೆ ಹೊಸ ರೆಕ್ಕೆ, ಹಳೆ ಒಡಲು ಎಂದು ತೀರ್ಮಾನವಾಯಿತು. ಹಳೆ ರೆಕ್ಕೆ ಅಳತೆಗೆ ಮಾದರಿಯಾಗಿ ಉಳಿಯಿತು.

ಮರ ಹುಡುಕುವಾಗ ಊರಿನವರ ಸಲಹೆ ಎಲ್ಲ ಸಾಗವಾನಿಯದೇ. ದಾಂಡೇಲಿ ಡಿಪೊ ಹತ್ತಿರವೇ ಇದೆಯಲ್ಲ ಎಂದು. ಸಾಗವಾನಿ ಸ್ಪ್ರೂಸ್‌ಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಮೇಲಾಗಿ ಅದರ ಎಣ್ಣೆ ಅಂಟನ್ನು ಹತ್ತಿರ ಸೇರಿಸುವುದಿಲ್ಲ. ಬಾಗಿಲಿಗೆ ಅದು ಚೆಂದ. ಬೇಕಾದದ್ದು ಸಿಟ್ಕಾ ಸ್ಪ್ರೂಸ್. ಆಮದು ಮರದವರ ಬಳಿ ಡಗ್ಲಸ್ ಫರ್ ಸಿಗುತ್ತದೆ, ಗಟ್ಟಿಯೂ ಹೌದು, ಆದರೆ ತೂಕ ಹೆಚ್ಚು, ಒಡೆಯುವ ಗುಣವೂ ಹೆಚ್ಚು. ಇಲ್ಲಿ ಪಟ್ಟಿಗಳಿಗೆ ಸ್ಪ್ರೂಸನ್ನೇ ತರಿಸಲಾಯಿತು. ಬಂದ ಹಲಗೆಯನ್ನು ಬಿಲ್ ನೋಡಿ ಒಪ್ಪಿಕೊಳ್ಳುವಂತಿಲ್ಲ. ಒಂದು ಇಂಚಿಗೆ ಕನಿಷ್ಠ 6 ವರ್ಷದುಂಗುರ ಇರಬೇಕು. ನಾರಿನ ಓರೆ 15ಕ್ಕೆ 1ಕ್ಕಿಂತ ಹೆಚ್ಚಿರಬಾರದು. ಓರೆ ಕಣ್ಣಿಗೆ ಮೋಸ ಮಾಡುತ್ತದೆ. ಹಲಗೆಯ ತುದಿಯಿಂದ ಒಂದು ಅಡಿಯ ತುಂಡು ಕೊಯ್ದು, ಕತ್ತಿಯಿಂದ ನಾರಿನ ಗುಂಟ ಸೀಳಿದರೆ ಸತ್ಯ ಬಯಲು. 30 ಸೆಂ.ಮೀ. ಉದ್ದಕ್ಕೆ ಸೀಳು 2 ಸೆಂ.ಮೀ.ಗಿಂತ ಹೆಚ್ಚು ಬದಿಗೆ ಸರಿದರೆ ಆ ಹಲಗೆ ಸ್ಪಾರ್‌ಗೆ ಬೇಡ. ತಂದ ಐದರಲ್ಲಿ ಎರಡು ಹೀಗೆ ಹೊರಬಿದ್ದವು, ಅವು ಜೋಡಿಸುವಾಗ ತುಂಡುಗಳನ್ನು ಹಿಡಿದಿಡುವ ಜಿಗ್‌ಗೆ ಹೋದವು. ಇನ್ನೊಂದು ತಪಾಸಣೆ, ಟಾರ್ಚನ್ನು ಹಲಗೆಗೆ ತಾಗಿದಂತೆ ಹಿಡಿದು ಅಡ್ಡ ಬೆಳಕಿನಲ್ಲಿ ನೋಡುವುದು. ನಾರಿಗೆ ಅಡ್ಡಲಾಗಿ ಕೂದಲಿನಷ್ಟು ಸಣ್ಣ ಸುಕ್ಕಿನ ಗೆರೆ ಕಂಡರೆ ಮರ ಒತ್ತಡಕ್ಕೆ ಒಳಗೇ ಮುರಿದಿದೆ ಎಂದರ್ಥ. ಅದಕ್ಕೆ ದುರಸ್ತಿಯೇ ಇಲ್ಲ.

ಪ್ಲೈಯಲ್ಲೂ ಇದೇ ಜಗ್ಗಾಟ. ಪೇಟೆಯ ಬಿಡಬ್ಲ್ಯೂಪಿ ಪ್ಲೈ, ಐಎಸ್ 710 ಮುದ್ರೆಯದು, ನೀರಿನಲ್ಲಿ ಕುದಿಸಿದರೂ ಬಿಡದ ಅಂಟಿನದು ನಿಜ. ಆದರೆ ಅದನ್ನು ಮಾಡುವುದು ದೋಣಿ, ಅಡುಗೆಮನೆಯ ಲೆಕ್ಕಕ್ಕೆ. ಒಳಪದರದಲ್ಲಿ ಸಂದು ಇರಬಹುದು, ಪದರದ ದಪ್ಪ ಒಂದೇ ಸಮ ಇರುವುದಿಲ್ಲ. ತೂಕ ನೋಡಲು ಸುಲಭ ದಾರಿಯಿದೆ. 3 ಮಿ.ಮೀ. ಪ್ಲೈಯನ್ನು 10 ಸೆಂ.ಮೀ. ಚೌಕ ಕೊಯ್ದರೆ ಗಾತ್ರ 30 ಘನ ಸೆಂ.ಮೀ., ಅದನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿಟ್ಟರೆ ಸಾಂದ್ರತೆ ಸಿಕ್ಕಿತು. ಆಮೇಲೆ ಅದೇ ಚೌಕವನ್ನು ಬಲ್ಬಿನ ಎದುರು ಹಿಡಿದರೆ ಒಳಸಂದು ಬೆಳಕಿನ ಗೆರೆಯಾಗಿ ಕಾಣುತ್ತದೆ. ಸ್ಪಾರ್‌ಗೆ ನಕ್ಷೆ ಹೇಳಿದ ವಿಮಾನದ ದರ್ಜೆಯ ಬರ್ಚ್ ಪ್ಲೈಯೇ ಬೇಕು, ಅದರ ನಾರಿನ ದಿಕ್ಕೂ ನಕ್ಷೆಯಲ್ಲಿದ್ದಂತೆಯೇ. ಹಾಳೆ ಉಳಿಸಲು ತಿರುಗಿಸಿ ಕೊಯ್ದರೆ ಸ್ಪಾರ್‌ನ ಬಲ ಹೋಯಿತು.

ಅಂಟು ಯಾವುದು? ಫೆವಿಕಾಲ್ ಜಾತಿಯ ಬಿಳಿ ಅಂಟು ಸತತ ಭಾರಕ್ಕೆ ಮೆಲ್ಲಗೆ ಜಾರುತ್ತದೆ, ಅದು ಲೆಕ್ಕಕ್ಕಿಲ್ಲ. ದೋಣಿಗೆ ಫೈಬರ್ ಹಾಕುವವರು ಕೊಡುವ ಪಾಲಿಯೆಸ್ಟರ್ ರೆಸಿನ್ ಮರದಿಂದ ಸಿಪ್ಪೆಯಂತೆ ಏಳುತ್ತದೆ. ಉಳಿದದ್ದು ರಿಸಾರ್ಸಿನಾಲ್ ಮತ್ತು ಎಪಾಕ್ಸಿ. ರಿಸಾರ್ಸಿನಾಲ್ ಬಾಳಿಕೆಯಲ್ಲಿ ಎಲ್ಲಕ್ಕಿಂತ ಮೇಲು, ಆದರೆ ಸಂದು ತುಂಬುವುದಿಲ್ಲ, ಮೆದು ಮರಕ್ಕೂ ಚದರ ಸೆಂ.ಮೀ.ಗೆ ಸುಮಾರು 9 ಕಿಲೋ ಒತ್ತಡ ಕೇಳುತ್ತದೆ. 25 ಮಿ.ಮೀ. ಅಗಲದ ಪಟ್ಟಿಯಾದರೆ ಪ್ರತಿ 10 ಸೆಂ.ಮೀ.ಗೆ 225 ಕಿಲೋ. 7 ಮೀಟರ್ ಉದ್ದಕ್ಕೆ ಅಷ್ಟು ಕ್ಲಾಂಪ್ ಕೂಡಿಸಿ, ಅಂಟು ಬಿಗಿಯುವ ಮೊದಲು ಎಲ್ಲ ತಿರುಗಿಸುವುದು ಹಳ್ಳಿಯ ಕೊಟ್ಟಿಗೆಯಲ್ಲಿ ಆಗುವ ಮಾತಲ್ಲ. ಎಪಾಕ್ಸಿಗೆ ಹಗುರ ಒತ್ತಡ ಸಾಕು, ಅಂಚಿನುದ್ದಕ್ಕೂ ಅಂಟು ಹೊರಗಿಣುಕಿದರೆ ಸರಿ. ಅದರ ದೌರ್ಬಲ್ಯ ಬಿಸಿ. ಸಾಧಾರಣ ಹವೆಯಲ್ಲಿ ಗಟ್ಟಿಯಾಗುವ ಎಪಾಕ್ಸಿ 50–60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ. ಕಡು ಬಣ್ಣದ ರೆಕ್ಕೆ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ದಾಟುವುದು ಸುಲಭ. ಮಾಲೀಕರು ಕೇಳಿದ ಕಡುನೀಲಿ ಹೀಗೆ ಹೋಯಿತು. ರೆಕ್ಕೆಗೆ ಬಿಳಿ, ನೀಲಿ ಬೇಕಿದ್ದರೆ ಇಂಜಿನ್ನಿನ ತಗಡಿನ ಹೊದಿಕೆಗೆ.

ಕೆಲಸದ ಜಾಗವೆಂದರೆ ಶಿರಸಿಯ ಗೋದಾಮೊಂದರೊಳಗೇ ಸಿಲ್ಪಾಲಿನ್‌ನಿಂದ ಕಟ್ಟಿದ 9 ಮೀಟರ್ ಉದ್ದದ ಡೇರೆ. ಒಳಗೆ ತೇವ ಹೀರುವ ಡಿಹ್ಯೂಮಿಡಿಫೈಯರ್, ಎರಡು ಹೈಗ್ರೋಮೀಟರ್. ಗಾಳಿಯ ಆರ್ದ್ರತೆ 60 ಪರ್ಸೆಂಟ್ ಇದ್ದರೆ ಮರ ಸುಮಾರು 11 ಪರ್ಸೆಂಟ್ ತೇವಕ್ಕೆ ಬಂದು ನಿಲ್ಲುತ್ತದೆ, 80 ಇದ್ದರೆ 16, 90 ದಾಟಿದರೆ 20. ಅಂಟು ಹಾಕುವಾಗ ಮರ 10ರಿಂದ 12ರ ಒಳಗಿರಬೇಕು. ಅಡಕೆ ಡ್ರೈಯರ್‌ನಲ್ಲಿ ಎರಡು ದಿನ ಇಟ್ಟರೆ ಒಣಗದೇ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಒಣಗುತ್ತದೆ, ಆದರೆ ಹೊರಮೈ ಮೊದಲು ಬಿಗಿದು ಒಳಗೆ ಸೀಳು ಬರುತ್ತದೆ. ಹೊಗೆಯ ಡ್ರೈಯರ್ ಆದರೆ ಮಸಿಯ ಜಿಡ್ಡು ಬೇರೆ. ಡೇರೆಯಲ್ಲಿ ಹಲಗೆಗಳು ನಡುವೆ ರೀಪಿನ ತುಂಡು ಕೊಟ್ಟುಕೊಂಡು ಆರು ವಾರ ಕೂತವು.

ಅಂಟುವ ಮುಖವನ್ನು ರಂಧಾ ಹೊಡೆದೇ ಬಿಡಬೇಕು, ಮರಳು ಕಾಗದ ಉಜ್ಜಬಾರದು. ಉಜ್ಜಿದ ಧೂಳು ನಾರಿನ ರಂಧ್ರ ತುಂಬುತ್ತದೆ. ಸಂಶಯವಿದ್ದರೆ ಒಂದು ಹನಿ ನೀರು ಬಿಟ್ಟು ನೋಡುವುದು. ಹರಡಿದರೆ ಮುಖ ಚೊಕ್ಕ, ಮಣಿಯಂತೆ ನಿಂತರೆ ಎಣ್ಣೆ ಅಥವಾ ಮೇಣವಿದೆ. ಎಪಾಕ್ಸಿಯನ್ನು ತಯಾರಕರ ಪ್ರಮಾಣಕ್ಕೆ ತೂಗಿಯೇ ಕಲಸಿ, ಅಗಲದ ತಟ್ಟೆಯಲ್ಲಿ ತೆಳುವಾಗಿ ಹರಡಿಡಬೇಕು. ಲೋಟದಲ್ಲಿ ಗುಡ್ಡೆಯಾಗಿಟ್ಟರೆ ಏಪ್ರಿಲ್ ಮಧ್ಯಾಹ್ನ ಅದು ತಾನೇ ಕಾದು ಹತ್ತಿಪ್ಪತ್ತು ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ. ಪ್ರತಿ ಕಲಸಿಗೂ ಎರಡು ಸ್ಪ್ರೂಸ್ ತುಂಡು ಅಂಟಿಸಿ, ತಾರೀಕು ಬರೆದಿಟ್ಟು, ಗಟ್ಟಿಯಾದ ಮೇಲೆ ಉಳಿ ಕೊಟ್ಟು ಒಡೆಯುವುದು ರೂಢಿಯಾಯಿತು. ಒಂದು ದಿನದ ತುಂಡು ಅಂಟಿನ ಗೆರೆಯಲ್ಲೇ ಬಿಟ್ಟಿತು. ರಾತ್ರಿ ಕರೆಂಟ್ ಹೋಗಿ ಆರ್ದ್ರತೆ 85ಕ್ಕೆ ಏರಿದ ಮಾರನೆಯ ಬೆಳಿಗ್ಗೆಯ ಕಲಸು ಅದು. ಆ ದಿನ ಅಂಟಿಸಿದ ನಾಲ್ಕು ರಿಬ್ ಒಲೆಗೆ ಹೋದವು.

ಪೆಟ್ಟಿಗೆ ಮುಚ್ಚುವ ಮೊದಲು ಒಳಗೆಲ್ಲ ಎರಡು ಕೋಟ್ ವಾರ್ನಿಷ್. ಅಂಟು ಬೀಳುವ ಗೆರೆಗೆ ಮಾತ್ರ ಟೇಪ್. ಪ್ರತಿ ಕೋಣೆಯ ಅತಿ ತಗ್ಗಿನಲ್ಲಿ ನೀರಿಗೆ 6 ಮಿ.ಮೀ. ತೂತು, ಮಡಿಕೆಯ ಒಳಬದಿಯಲ್ಲಿ ತಪ್ಪದೆ. ತೂತು ಕೊರೆದ ಮೇಲೆ ಅದರ ಅಂಚಿಗೂ ವಾರ್ನಿಷ್ ತಾಗಿಸಬೇಕು, ಇಲ್ಲವಾದರೆ ಪ್ಲೈ ನೀರು ಕುಡಿಯುವುದು ಅಲ್ಲಿಂದಲೇ.

ಬಾಲದ ಕೊಳೆತಕ್ಕೆ ತದಡಿ ಕಡೆಯ ದೋಣಿ ಆಚಾರಿಯೊಬ್ಬರನ್ನು ಕರೆಸಿದ್ದು ಈ ಕೆಲಸದ ಜಾಣತನ. ತುದಿಗಳನ್ನು ಓರೆಯಾಗಿ ಕೊಯ್ದು ಅಂಟಿಸುವ ಸ್ಕಾರ್ಫ್ ಜೋಡಣೆ ಅವರ ಕೈಗೆ ಹೊಸದಲ್ಲ. ಓರೆ 12ಕ್ಕೆ 1: 3 ಮಿ.ಮೀ. ಪ್ಲೈಗೆ 36 ಮಿ.ಮೀ., ಒಡಲಿನ ಉದ್ದಕ್ಕೆ ಹೋಗುವ 20 ಮಿ.ಮೀ. ಕಡ್ಡಿ, ಅಂದರೆ ಲಾಂಜರಾನ್‌ಗೆ 240 ಮಿ.ಮೀ. ಹಾಳೆಗಳನ್ನು 36 ಮಿ.ಮೀ. ಮೆಟ್ಟಿಲಾಗಿ ಒಂದರ ಮೇಲೊಂದಿಟ್ಟು ಒಟ್ಟಿಗೆ ರಂಧಾ ಹೊಡೆದಾಗ ಪ್ಲೈಯ ಪದರಗಳು ಬಣ್ಣದ ಪಟ್ಟೆಗಳಾಗಿ ಕಾಣುತ್ತವೆ. ಪಟ್ಟೆ ನೇರ ಇದ್ದರೆ ಓರೆ ಸಮ, ಡೊಂಕಾದರೆ ಅಲ್ಲಿ ಹೆಚ್ಚು ಕಡಿಮೆ ಆಗಿದೆ. ಅವರಿಗೆ ಬಿಡಿಸಬೇಕಾದ ಅಭ್ಯಾಸ ಒಂದೇ, ಜೋಡಣೆ ಮುಗಿದ ಮೇಲೆ ಭದ್ರಕ್ಕೆಂದು ಸ್ಕ್ರೂ ಹೊಡೆಯುವುದು. ತೆಳು ಲಾಂಜರಾನ್‌ನಲ್ಲಿ ಸ್ಕ್ರೂ ಭದ್ರವಲ್ಲ, ಸೀಳಿಗೆ ದಾರಿ.

ಬೋಲ್ಟ್‌ಗಳನ್ನೆಲ್ಲ ಕಳಚಿ ಹೊಸದು ಹಾಕಲಾಯಿತು. ಬೋಲ್ಟ್ ಸುತ್ತ ಮರ ಕಪ್ಪಾಗಿದ್ದರೆ ತುಕ್ಕು ಒಳಗಿಳಿದಿದೆ ಎಂದೇ ಅರ್ಥ. ಬಂದರಿನ ಅಂಗಡಿಯ ಸ್ಟೇನ್‌ಲೆಸ್ ಬೋಲ್ಟ್ ತುಕ್ಕು ಹಿಡಿಯದಿದ್ದರೂ ಬಲದಲ್ಲಿ ವಿಮಾನಕ್ಕೆಂದೇ ಮಾಡುವ ಎಎನ್ ಬೋಲ್ಟ್‌ಗೆ ಕಡಿಮೆ. ನಿಯಂತ್ರಣದ ಕೇಬಲ್‌ಗಳ ಮೇಲೆ ಹತ್ತಿ ಬಟ್ಟೆ ಎಳೆದಾಗ ರಾಟೆಯ ಬಳಿ ಎರಡು ಕಡೆ ಬಟ್ಟೆ ಸಿಕ್ಕಿಕೊಂಡಿತು. ಎಳೆ ಮುರಿದಿದ್ದರಿಂದ ಅವೂ ಹೊಸದಾದವು.

ಇಂಜಿನ್ 1600 ಸಿಸಿ ಫೋಕ್ಸ್‌ವ್ಯಾಗನ್. ಪ್ಲಗ್ ತೆಗೆದು, ಸಿಲಿಂಡರ್‌ಗಳಿಗೆ ಎಣ್ಣೆ ಬಿಟ್ಟು ಮೂರು ದಿನದ ಮೇಲೆ ಕೈಯಲ್ಲಿ ತಿರುಗಿಸಿದರೆ ತಿರುಗಿತು. ಆದರೆ ಕ್ಯಾಮೆರಾ ಇಳಿಸಿದಾಗ ಎರಡು ಸಿಲಿಂಡರ್‌ಗಳಲ್ಲಿ ತುಕ್ಕಿನ ಗುಳಿ, ಹಾಗಾಗಿ ಬಿಚ್ಚಲೇಬೇಕು. ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೊಗೆ ಬ್ಯಾಟರಿ ಬೇಡ. ಸ್ವಿಚ್ಚಿನ ಅರ್ಥ್ ತಂತಿ ತುಂಡಾಗಿದ್ದರೆ ಆಫ್ ಇದ್ದಾಗಲೂ ಕಿಡಿ ಕೊಡುತ್ತದೆ, ಆದ್ದರಿಂದ ಪ್ರೊಪೆಲರ್ ಮುಟ್ಟುವವರು ಅದು ಈಗಲೇ ತಿರುಗುತ್ತದೆ ಎಂದೇ ತಿಳಿದು ನಿಲ್ಲಬೇಕು. ಮರದ ಪ್ರೊಪೆಲರ್ ನಿಂತ ಸ್ಥಿತಿಯಲ್ಲೇ ವರ್ಷಗಟ್ಟಲೆ ಇದ್ದುದರಿಂದ ತೇವ ಕೆಳಗಿನ ಅಲಗಿಗೆ ಸೇರಿ ಸಮತೋಲ ತಪ್ಪಿತ್ತು. ಡೇರೆಯಲ್ಲಿ ಅಡ್ಡ ಮಲಗಿಸಿಟ್ಟ ಮೇಲೆ ಬಹುಮಟ್ಟಿಗೆ ಸರಿಹೋಯಿತು. ಅದರ ಬೋಲ್ಟ್‌ಗಳ ಬಿಗಿತವನ್ನು ಮಳೆಗಾಲ ಮುಗಿದು ಹವೆ ಒಣಗಿದಾಗಲೆಲ್ಲ ಟಾರ್ಕ್ ಪಾನಾ ಹಾಕಿ ನೋಡಬೇಕು. ಮರ ಕುಗ್ಗಿದಷ್ಟು ಬೋಲ್ಟ್ ಸಡಿಲ.

ಕಾಗದದ ಕೆಲಸ ಬೇರೆಯೇ ಸಾಲು. 1934ರ ವಿಮಾನ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ, 2024 ಬಂದಿದ್ದು 2025ರ ಜನವರಿ 1ರಿಂದ ಜಾರಿಯಲ್ಲಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನೋಂದಣಿ ಮತ್ತು ಹಾರಾಟದ ಅನುಮತಿ ಇಲ್ಲದೆ ಒಂದು ಅಡಿ ಏರಿಸಿದರೂ ತಪ್ಪೇ. ಕಾರವಾರದ ಕಡೆ ನೌಕಾನೆಲೆ ಇರುವುದರಿಂದ ಗದ್ದೆಯ ಮೇಲೆ ಒಂದು ಸುತ್ತು ಎಂಬ ಮಾತನ್ನು ಆಡಲೂಬಾರದು. ಈ ಕಾರಣಕ್ಕೇ ರೆಕ್ಕೆಗೆ ಇನ್ನೂ ಬಟ್ಟೆ ಹಾಕಿಲ್ಲ. ತಪಾಸಣೆಗೆ ಬರುವವರು ಪ್ರತಿ ಜೋಡಣೆಯನ್ನೂ ತೆರೆದಿರುವಾಗಲೇ ನೋಡಬೇಕು. ಬಟ್ಟೆ ಪಾಲಿಯೆಸ್ಟರ್, ತಂದಿಟ್ಟಾಗಿದೆ. ಅದನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಮೊದಲು 120, ಕೊನೆಗೆ 175 ಡಿಗ್ರಿಗೆ ಬಿಗಿಸಬೇಕು. ಇಸ್ತ್ರಿಯ ಗುಂಡಿ ತೋರಿಸುವ ಅಂಕಿಗೆ ಬೆಲೆಯಿಲ್ಲ, ಥರ್ಮಾಮೀಟರ್ ಹಿಡಿದು ಗುರುತು ಹಾಕಿಕೊಂಡಿದ್ದಾರೆ.

ಸದ್ಯ ರೆಕ್ಕೆ ಡೇರೆಯಲ್ಲೇ ಇದೆ. ಆರ್ದ್ರತೆಯನ್ನು ಬೆಳಿಗ್ಗೆ ಸಂಜೆ ಬರೆದಿಡುತ್ತಿದ್ದಾರೆ, ಒಡೆದು ನೋಡಿದ ಅಂಟಿನ ತುಂಡುಗಳು ತಾರೀಕಿನ ಪ್ರಕಾರ ಒಂದು ಡಬ್ಬದಲ್ಲಿವೆ. ಸಿಲಿಂಡರ್ ಮತ್ತು ಪಿಸ್ಟನ್‌ಗೆ ಆರ್ಡರ್ ಹೋಗಿದೆ. ಮುಗಿದ ಮೇಲೆ ವಿಮಾನವನ್ನು ಕುಮಟಾದ ಶೆಡ್ಡಿಗೆ ಮತ್ತೆ ಇಳಿಸುವುದಿಲ್ಲ ಎಂದು ಮಾಲೀಕರು ಒಪ್ಪಿದ್ದಾರೆ.